ಆಯಿಯ ಮೊದಲ ಹಚ್ಚೆ

ಹಚ್ಚೆ ಹಾಕಿಸಿಕೊಳ್ಳಬೇಕೆಂದಿರುವ ಹುಡುಗಿಯರು ಈಗೀಗ ನನ್ನನ್ನು ಒಂದು ಮಾತು ಕೇಳಿ ಹೋಗುತ್ತಾರೆ. ನಾನು ಜಮಖಂಡಿಯ ದವಾಖಾನೆಯಲ್ಲಿ ನರ್ಸಾಗಿ ಬಹಳ ವರ್ಷ ಸೂಜಿ ಚುಚ್ಚಿದವಳು, ಚುಚ್ಚುವಾಗ ಸುಳ್ಳು ಹೇಳದವಳು. ನೋವಾಗುತ್ತದೆಯೇ ಎಂದು ಕೇಳಿದರೆ ಆಗುತ್ತದೆ ಎನ್ನುತ್ತೇನೆ. ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಾರೆ. ಉಳಿದವರಿಗೆ ಹೇಳುವುದು ಇಷ್ಟು: ಸೂಜಿ ಹೊಸದಿರಲಿ, ನಿಮ್ಮ ಕಣ್ಣೆದುರೇ ಕುದಿಯಲಿ. ಖಾಲಿ ಹೊಟ್ಟೆಯಲ್ಲಿ ಹೋಗಿ ಕೂಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಹಾಕಿಸಿಕೊಂಡ ಮೇಲೆ ನೀರು ತಾಗಿಸಬೇಡಿ, ಹಕ್ಕಳೆ ಕೀಳಬೇಡಿ. ಇದನ್ನೆಲ್ಲ ಯಾರು ಬೇಕಾದರೂ ಹೇಳಿಯಾರು. ಕೊನೆಗೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಮಾತ್ರ ಅವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ.

"ಅದು ಯಾರಿಗೆ ನೆಟ್ಟಗ ಕಾಣಬೇಕು? ನಿನಗೋ, ಎದುರಿಗಿದ್ದವರಿಗೋ?"

ಈ ಪ್ರಶ್ನೆ ನನಗೆ ಬಂದದ್ದು ನಮ್ಮ ಆಯಿಯಿಂದ. ಆಯಿ ಎಂದರೆ ನಮ್ಮಪ್ಪನ ತಾಯಿ. ಆಕೆ ತನ್ನ ಮೊದಲ ಹಚ್ಚೆ ಹಾಕಿಸಿಕೊಂಡದ್ದು ಎಪ್ಪತ್ತು ದಾಟಿದ ಮೇಲೆ.

ನಮ್ಮ ಓಣಿಯ ಮುದುಕಿಯರೆಲ್ಲರ ಕೈ ತುಂಬ ಹಚ್ಚೆ ಇತ್ತು. ಚೇಳು, ನವಿಲು, ತುಳಸಿಕಟ್ಟೆ, ಹಣೆಗೆ ಬೊಟ್ಟು, ಗದ್ದಕ್ಕೊಂದು ಚುಕ್ಕಿ. ಆಯಿಯ ಕೈ ಮಾತ್ರ ತೊಳೆದು ಬೋರಲು ಹಾಕಿದ ತಾಟಿನ ಹಾಗೆ ಖಾಲಿ. ಹಚ್ಚೆ ಹಾಕಿಸುವ ವಯಸ್ಸಿಗೆ ಹಾಕಿಸುವ ತಾಯಿ ಇರಲಿಲ್ಲ, ಹುಟ್ಟೂರು ಗಲಗಲಿಯಲ್ಲಿ ತೀರಿಕೊಂಡಿದ್ದಳು. ಸೋದರಮಾವನ ಮನೆಯಲ್ಲಿ ಬೆಳೆದು, ಜಮಖಂಡಿಗೆ ಮದುವೆಯಾಗಿ ಬಂದರೆ ಇಲ್ಲಿ ಮಾವನವರು ಸಂಸ್ಥಾನದ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಹಚ್ಚೆ ಹಳ್ಳಿಯವರ ಬಾಬತ್ತು ಎಂಬುದು ಅವರ ಅಭಿಪ್ರಾಯ. ಆ ಮನೆಯಲ್ಲಿ ಅಭಿಪ್ರಾಯ ಇರುತ್ತಿದ್ದದ್ದು ಅವರೊಬ್ಬರಿಗೇ. ಹೀಗಾಗಿ ಆಯಿಯ ಕೈ ಬರಿದಾಗಿಯೇ ಮುದಿಯಾಯಿತು.

ಎಂಬತ್ತರ ದಶಕದ ಮಾತು. ನಮ್ಮ ಬಾಜೂ ಮನೆಯ ಮುದುಕಿ ತೀರಿಕೊಂಡಳು. ಸಂಸ್ಕಾರ ಮುಗಿದ ಮೇಲೆ ಹೆಂಗಸರು ನಮ್ಮ ಕಟ್ಟೆಯ ಮೇಲೆ ಕೂತು, ಮೈಮೇಲಿನ ಬಂಗಾರವನ್ನೆಲ್ಲ ಸೊಸೆಯಂದಿರು ಬಿಚ್ಚಿಕೊಂಡರು, ಆಕೆಯ ಜೊತೆ ಹೋದದ್ದು ಹಚ್ಚೆಯೊಂದೇ ಎಂದು ಮಾತಾಡಿಕೊಂಡರು. ಇದು ನಮ್ಮ ಕಡೆ ಪ್ರತಿ ಸಾವಿನಲ್ಲೂ ಆಡುವ ಮಾತು. ಆಯಿ ಅದನ್ನು ನೂರು ಸಲ ಕೇಳಿದ್ದಾಳು. ಆದರೆ ಆ ಸಲ ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು.

"ನನಗ ಹಚ್ಚಿ ಹಾಕಸ್ರಿ."

ಅಪ್ಪನ ಕೈಯಲ್ಲಿದ್ದ ರೊಟ್ಟಿ ಬಾಯಿಯ ಹತ್ತಿರ ನಿಂತಿತು. "ಯಾಕಬೇ? ಈ ವಯಸ್ಸಿನ್ಯಾಗ?"

"ಸಣ್ಣ ವಯಸ್ಸಿನ್ಯಾಗ ನೀ ಹುಟ್ಟಿದ್ದಿಲ್ಲ. ಹುಟ್ಟಿದ್ದ್ಯಂದ್ರ ಆವಾಗ ಹೇಳ್ತಿದ್ದೆ."

ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಯಾವುದೇ ವಿಷಯ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೋಗಿ ಬರಬೇಕು ಎನ್ನುವ ಮನುಷ್ಯ. ಆ ದಿನ ಮಾತ್ರ ತಕ್ಷಣ ತೀರ್ಮಾನ ಕೊಟ್ಟ. "ನಿನಗ ಸಕ್ಕರಿ ಬ್ಯಾನಿ ಐತಿ. ಗಾಯ ಆದ್ರ ಮಾಯಂಗಿಲ್ಲ. ಕೈ ಹೋಗತೈತಿ."

"ಎರಡ ಅದಾವ," ಎಂದಳು ಆಯಿ.

ಮುದುಕಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು, ಮನೆಯಲ್ಲಿ ನರ್ಸ್ ಇದ್ದವಳು ನಾನೊಬ್ಬಳೇ ಆದ್ದರಿಂದ. ಮರುದಿನ ಹಿತ್ತಲಲ್ಲಿ ಆಕೆಯ ತಲೆ ಬಾಚುತ್ತ ಶುರು ಮಾಡಿದೆ. ಸಕ್ಕರೆ ಕಾಯಿಲೆಯವರಿಗೆ ಸಣ್ಣ ಗಾಯವೂ ದೊಡ್ಡದಾಗುತ್ತದೆ, ಕೀವಾಗುತ್ತದೆ, ನಮ್ಮ ವಾರ್ಡಿನಲ್ಲಿ ಬೆರಳು ಕಳೆದುಕೊಂಡವರು ಇದ್ದಾರೆ ಎಂದೆಲ್ಲ ಹೇಳಿದೆ. ಆಯಿ ಎಲ್ಲ ಕೇಳಿದಳು. ಆಮೇಲೆ ತನ್ನ ಮೊಣಕಾಲಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು.

"ನಮ್ಮವ್ವ ಸತ್ತಾಗ ನಾ ಇಷ್ಟಿದ್ದೆ. ಈಗ ನೋಡು. ಹಲ್ಲಿಲ್ಲ, ಕೂದ್ಲಿಲ್ಲ. ವಯಸ್ಸಿನ್ಯಾಗ ಅಕಿಗಿಂತಾ ನಾನ ದೊಡ್ಡಾಕಿ ಆಗೇನಿ. ಹೆಸರರೆ ಹೇಳೂಣಂದ್ರ ಮದಿವ್ಯಾಗ ಇವರು ಬ್ಯಾರೆ ಹೆಸರ ಇಟ್ರು. ಅಕಿಗಿ ಈ ಹೆಸರ ಗೊತ್ತಿಲ್ಲ. ಅಲ್ಲಿ ಹೋಗಿ ಎದುರಿಗಿ ನಿಂತ್ರ ಅಕಿ ನನ್ನ ಹೆಂಗ ಗುರ್ತ ಹಿಡೀಬೇಕು? ಯಾರೋ ಮುದುಕಿ ಅಂತ ದಾರಿ ಬಿಟ್ಟ ಕೊಡ್ತಾಳ."

ಬಾಚಣಿಗೆ ಕೆಳಗಿಟ್ಟು ಎದುರಿಗೆ ಬಂದು ಕೂತೆ. ಆಮೇಲೆ, "ನಿನಗರೆ ಅಕಿ ಗುರ್ತ ಐತೇನು?" ಎಂದು ಕೇಳಿದೆ.

"ಮಾರಿ ನೆನಪಿಲ್ಲ," ಎಂದಳು. "ಕೈ ನೆನಪೈತಿ. ಉಣಸೂ ಕೈ."

ಆ ಕೈಯ ಮಣಿಕಟ್ಟಿನ ಒಳಬದಿಗೆ ಒಂದು ಹಚ್ಚೆ ಇತ್ತಂತೆ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕಂಬಗಳ ಮೇಲೆ ಕಟ್ಟುತ್ತಾರಲ್ಲ, ಅಂಥ ಒಂದು ಗುಡಿಸಲು. ಮೇಲೆ ಬಾಗಿದ ಸೂರು, ಅದರಡಿ ಅಡ್ಡ ಗೆರೆ, ಕೆಳಗೆ ಎರಡು ಕಾಲು, ಒಳಗೆ ಒಂದು ಚುಕ್ಕಿ. ಚುಕ್ಕಿ ಎಂದರೆ ಹಕ್ಕಿ ಕಾಯುವವನು ಎಂದು ಆಯಿ ತಾನೇ ತಿಳಿದುಕೊಂಡಿದ್ದಳು. ಪ್ರತಿ ತುತ್ತಿಗೂ ಆ ಗುಡಿಸಲು ಹತ್ತಿರ ಬಂದು ದೂರ ಹೋಗುತ್ತಿತ್ತು. ಅದನ್ನೇ ತನ್ನ ಕೈಗೂ ಹಾಕಿಸಿಕೊಂಡು ಹೋದರೆ ಅವ್ವ ನೋಡಿದ ಕೂಡಲೇ ತಿಳಿದಾಳು ಎಂಬುದು ಆಕೆಯ ಲೆಕ್ಕ. ಆ ಲೆಕ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ. ತಿಳಿಸಿ ಹೇಳಲು ಹೋದವಳು ತಿಳಿದುಕೊಂಡು ಬಂದೆ. ಅಪ್ಪನಿಗೆ ಅದು ಸೇರಲಿಲ್ಲ.

ನಮ್ಮ ಡಾಕ್ಟರರನ್ನು ಕೇಳಿದೆ. ಆಯಿ ಎನ್ನಲಿಲ್ಲ, ಸಕ್ಕರೆ ಕಾಯಿಲೆಯ ಒಬ್ಬ ಮುದುಕಿ ಎಂದೆ. ಅವರು ಪೂರಾ ಕೇಳಿ, "ನಿಮ್ಮ ಆಯಿಗೆ ಯಾಕ್ರಿ ಇದೆಲ್ಲ?" ಎಂದರು. ನಂತರ ತಾವೇ ಯೋಚಿಸಿ, ಸಕ್ಕರೆ ಒಂದಷ್ಟು ವಾರ ಹಿಡಿತದಲ್ಲಿ ನಿಂತರೆ, ಸೂಜಿ ಶುದ್ಧವಿದ್ದರೆ, ಹಚ್ಚೆ ಸಣ್ಣದಿದ್ದರೆ ನೋಡಬಹುದು, ಇಲ್ಲವಾದರೆ ಸುತರಾಂ ಬೇಡ ಎಂದರು. ಅಪ್ಪ, "ಅವರ ಹೇಳಿದ್ರಂದ್ರ ನಾ ಏನ ಹೇಳ್ಲಿ. ಜವಾಬ್ದಾರಿ ಎಲ್ಲಾ ನಿಂದ," ಎಂದ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ವಾಕ್ಯ ನಿದ್ದೆಯಲ್ಲೂ ಬರುತ್ತದೆ.

ಆಗ ಮನೆಯಲ್ಲಿ ಸಕ್ಕರೆ ನೋಡುವ ಬಗೆ ಎಂದರೆ, ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಬೆರೆಸಿ ಕಾಯಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಂಗಿಯ ಬಣ್ಣಕ್ಕೆ ಬಂದರೆ ದೇವರೇ ಗತಿ. ಮೊದಲ ಸಲ ಕಾಯಿಸಿದಾಗ ಇಟ್ಟಂಗಿ ಬಂತು. ಆಯಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಣ್ಣ ಛಲೋ ಐತಿ. ಬನಹಟ್ಟಿಯಿಂದ ಇಂಥಾದ್ದ ಒಂದ ಸೀರಿ ತಂದಿದ್ರು ನಿಮ್ಮಜ್ಜ."

ನೀಲಿ ಬರುವ ತನಕ ಹಚ್ಚೆಯಿಲ್ಲ ಎಂದೆ. ಆಯಿ ಸೆರಗಿನ ಗಂಟು ಬಿಚ್ಚಿ, ಒಳಗಿದ್ದ ಬೆಲ್ಲದ ಹೆಂಟೆಯನ್ನು ನನ್ನ ಅಂಗೈಯಲ್ಲಿಟ್ಟಳು. ಅದು ಮಹಾಲಿಂಗಪುರದ ಬೆಲ್ಲ. ನಾವು ವರ್ಷಗಟ್ಟಲೆ ಗುಳಿಗೆ ನುಂಗಿಸಿ, ಪಥ್ಯ ಹೇಳಿ, ಬೈದು, ಬೇಡಿಕೊಂಡು ಸಾಧಿಸಲಾಗದ್ದನ್ನು ಸತ್ತ ತಾಯಿ ಒಂದೇ ದಿನದಲ್ಲಿ ಸಾಧಿಸಿದಳು. ಆವತ್ತಿನಿಂದ ಆಯಿ ಜೋಳದ ರೊಟ್ಟಿ, ಮೆಂತೆಪಲ್ಲೆ ತಿಂದುಕೊಂಡಿದ್ದಳು. ಅಂಗಳದಲ್ಲಿ ಮುಂಜಾನೆ ಹತ್ತು ಸುತ್ತು ಹಾಕುವಳು. ಹಬ್ಬದ ಹೋಳಿಗೆಯನ್ನು ವೈರಿಯ ಮಗನನ್ನು ನೋಡಿದಂತೆ ನೋಡಿ ಎದ್ದುಹೋದಳು. ಇಟ್ಟಂಗಿ ಹಳದಿಯಾಯಿತು, ಹಳದಿ ಹಸಿರಾಯಿತು. ಒಂದು ದಿನ ನೀಲಿ ನೀಲಿಯಾಗಿಯೇ ಉಳಿಯಿತು. ಅದು ನಿಲ್ಲುತ್ತದೆಯೇ ಎಂದು ಇನ್ನಷ್ಟು ದಿನ ನೋಡಿದೆ. ನಿಂತಿತು.

ಮೊದಲು ಮಹಾಲಿಂಗಪುರಕ್ಕೆ ಹೋದೆವು. ಅಲ್ಲಿ ಬಸ್ ನಿಲ್ದಾಣದ ಹೊರಗೆ ಒಬ್ಬನು ಬ್ಯಾಟರಿ ಮಷೀನಿನಲ್ಲಿ ಹಚ್ಚೆ ಹಾಕುತ್ತಾನೆಂದು ಕೇಳಿದ್ದೆ. ಪೇಟೆಯೆಲ್ಲ ಬೆಲ್ಲದ ವಾಸನೆ. ಆಯಿ ಮೂಗಿಗೆ ಸೆರಗು ಹಿಡಿದು ನಡೆದಳು. ಮಷೀನಿನವನು ಗೋಡೆಗೆ ಒಂದು ರಟ್ಟು ತೂಗುಹಾಕಿದ್ದ. ಅದರ ಮೇಲೆ ಚೇಳು, ಹಾವು, ಗುಲಾಬಿ, ಬಾಣ ನೆಟ್ಟ ಹೃದಯ, ನಾನಾ ದೇವರು. ಆಯಿ ಸೀರೆ ಆರಿಸುವವಳ ಹಾಗೆ ರಟ್ಟನ್ನು ಮೇಲಿಂದ ಕೆಳಗೆ ನೋಡಿದಳು.

"ಗುಡಿಸಲ ಐತೇನಪಾ?"

"ಗುಡಿಸಲ ಇಲ್ಲಜ್ಜಿ. ತಾಜಮಹಲ್ ಐತಿ, ನಡೀತೈತೇನು?"

"ಅದರಾಗ ಹಕ್ಕಿ ಕಾಯಾಂವ ಎಲ್ಲಿ ಕುಂದ್ರತಾನ?"

ಅವನಿಗೆ ಅರ್ಥವಾಗಲಿಲ್ಲ. "ಚೇಳ ಹಾಕಸ್ಕೋರಿ, ಬಾಳ ಮಂದಿ ಹಾಕಸ್ಕೊಂತಾರ," ಎಂದ.

"ಚೇಳ ಕಂಡ್ರ ನಮ್ಮವ್ವ ಕೆರ ತಗೊಂಡ ಹೊಡೀತಾಳ," ಎಂದಳು ಆಯಿ.

ಅಷ್ಟರಲ್ಲಿ ನಾನು ಅವನ ಸೂಜಿ ನೋಡುತ್ತಿದ್ದೆ. ಆಗಷ್ಟೇ ಒಬ್ಬನ ತೋಳಿನಲ್ಲಿ ಹೃದಯ ಬರೆದು ಮುಗಿಸಿ, ಅದೇ ಸೂಜಿಯನ್ನು ಒಂದು ಚಿಂದಿಗೆ ಒರೆಸಿ, ಅದೇ ಬಟ್ಟಲಿನ ಮಸಿಯಲ್ಲಿ ಅದ್ದಿ, ಮುಂದಿನವನ ತೋಳಿಗೆ ಹಚ್ಚಿದ. ಆ ಚಿಂದಿಯ ಬಣ್ಣ ಇಲ್ಲಿ ಬರೆಯುವಂಥದ್ದಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸೂಜಿ ಕುದಿಸುವುದಿಲ್ಲವೇ ಎಂದು ಕೇಳಿದೆ. ಮಷೀನಿನ ಸೂಜಿಗೆ ಕರೆಂಟು ಇರುತ್ತದೆ, ಕರೆಂಟಿಗೆ ಯಾವ ರೋಗವೂ ಅಂಟುವುದಿಲ್ಲ ಎಂದ. ನಾನು ಅಲ್ಲೇ ಅವನಿಗೆ ಜೋರಾಗಿ ಒಂದು ಪಾಠ ಮಾಡಿದೆ. ಸರದಿಯಲ್ಲಿ ನಿಂತವರು ನನ್ನನ್ನೇ ಕೆಟ್ಟದಾಗಿ ನೋಡಿದರು. ಕೈ ಮುಂದೆ ಚಾಚಿ ನಿಂತವರಿಗೆ ಬುದ್ಧಿ ಹೇಳಬಾರದು ಎಂಬುದನ್ನು ಆವತ್ತು ಕಲಿತೆ. ಹೇಳುವುದಾದರೆ ಅವರು ಮನೆಯಲ್ಲಿರುವಾಗಲೇ ಹೇಳಬೇಕು.

ಬಸ್ಸಿಗೆ ಕಾಯುವಾಗ, ಕೈ ತುಂಬ ಹಚ್ಚೆಯಿದ್ದ ಒಬ್ಬ ಹೆಂಗಸು ಆಯಿಯ ಪಕ್ಕದಲ್ಲಿ ಕೂತಿದ್ದಳು. ಆಯಿ ಅವಳ ಕೈಯನ್ನು ಕೇಳದೆಯೇ ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಯಾರು ಹಾಕಿದರು ಎಂದು ವಿಚಾರಿಸಿದಳು. ಗಲಗಲಿಯಲ್ಲಿ ಒಬ್ಬಳು ಮುದುಕಿ ಇದ್ದಾಳೆ, ಮೊದಲು ಊರೂರು ತಿರುಗಿ ಹಾಕುತ್ತಿದ್ದಳು, ಈಗ ಮೊಣಕಾಲು ಹಿಡಿದದ್ದರಿಂದ ಮನೆಯಲ್ಲೇ ಇರುತ್ತಾಳೆ ಎಂದು ಉತ್ತರ ಬಂತು. ಗಲಗಲಿ ಎಂದದ್ದೇ ಆಯಿ ಸೆರಗು ಸರಿಪಡಿಸಿಕೊಂಡಳು. ಯಾರೋ ಹಿರಿಯರು ಒಳಗೆ ಬಂದಾಗ ಹಾಗೆ ಮಾಡುತ್ತಿದ್ದಳು.

ನನ್ನ ಮುಂದಿನ ರಜೆಯ ದಿನ ಗಲಗಲಿಗೆ ಹೊರಟೆವು. ಆಯಿಗೆ ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿದ್ದೆ. ನನ್ನ ಚೀಲದಲ್ಲಿ ಹೊಸ ಸೂಜಿ, ಸ್ಪಿರಿಟು, ಹತ್ತಿ, ಒಗೆದು ಇಸ್ತ್ರಿ ಮಾಡಿದ ಬಟ್ಟೆ ಇದ್ದವು. ಹೊಳೆಗೆ ಇಳಿಯುವ ದಾರಿಯ ಓಣಿಯಲ್ಲಿ ಹಚ್ಚೆಯ ಮುದುಕಿಯ ಮನೆ. ಆಕೆ ಆಯಿಗಿಂತ ಒಂದೆರಡು ವರ್ಷ ಸಣ್ಣವಳಿದ್ದಾಳು. ನಮ್ಮಿಬ್ಬರನ್ನೂ ನೋಡಿ, ನನ್ನ ಕಡೆ ಕೈ ಮಾಡಿ, "ಮದಿವಿ ಯಾವಾಗೈತಿ?" ಎಂದಳು.

"ಅಕಿಗಲ್ಲ, ನನಗ," ಎಂದಳು ಆಯಿ.

"ನಿಮಗ ಮದಿವಿ?"

"ಹಚ್ಚಿ!"

ಹಚ್ಚೆಯ ಮುದುಕಿ ಅದಕ್ಕೆ ಹೆಚ್ಚೇನೂ ಆಶ್ಚರ್ಯಪಡಲಿಲ್ಲ. ಆಶ್ಚರ್ಯಪಟ್ಟದ್ದು ನಾನು ಸೂಜಿ ಕುದಿಸಲು ಪಾತ್ರೆ ಕೇಳಿದಾಗ. "ಕುದಿಸಿ ಏನ ಮಾಡ್ತಿ? ಒಗ್ಗರಣಿ ಹಾಕ್ತೇನು?" ಎಂದಳು. ನಾನು ಜಗ್ಗಲಿಲ್ಲ. ನಾನು ತಂದ ಹೊಸ ಸೂಜಿಗಳನ್ನು ಕುದಿಸಿದ ದಾರದಲ್ಲೇ ಬಿಗಿದು ಕಟ್ಟಬೇಕು, ಮಸಿ ಇವತ್ತೇ ಹಿಡಿದದ್ದಾಗಿರಬೇಕು ಎಂದೆ. ಹಳೆಯ ಮಸಿಯೇ ಹದವಾಗಿರುತ್ತದೆ ಎಂದು ಆಕೆ ಬಹಳ ವಾದ ಮಾಡಿದಳು. ಕೊನೆಗೆ ಹರಳೆಣ್ಣೆಯ ದೀಪದ ಮೇಲೆ ತೊಳೆದ ಮಡಕೆಯ ಬೋಕಿ ಹಿಡಿದು ಹೊಸ ಮಸಿ ತೆಗೆದಳು. ಹಾಕಿದ ಮೇಲೆ ಸಗಣಿಯ ಬೂದಿ ಒತ್ತುತ್ತೇನೆ ಎಂದಳು. ಅದನ್ನು ನಾನು ಒಪ್ಪಲಿಲ್ಲ. ಅರಿಷಿಣವನ್ನಾದರೂ ಹಚ್ಚುತ್ತೇನೆ ಎಂದಳು. ಕಾಸಿ ಆರಿಸಿದ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚುವುದೆಂದು ರಾಜಿಯಾಯಿತು. ನಾವಿಬ್ಬರೂ ಹೀಗೆ ಚೌಕಾಶಿ ಮಾಡುತ್ತಿದ್ದರೆ ಆಯಿ ಗೋಡೆಗೆ ಒರಗಿ ನಿದ್ದೆ ಮಾಡಿದಳು.

ಎಬ್ಬಿಸಿ, ಏನು ಹಾಕಬೇಕೆಂದು ಹಚ್ಚೆಯ ಮುದುಕಿ ಕೇಳಿದಳು. ಆಯಿ ಗುಡಿಸಲನ್ನು ವರ್ಣಿಸಿದಳು. ಹಚ್ಚೆಯ ಮುದುಕಿ ತಲೆ ಅಲ್ಲಾಡಿಸಿದಳು.

"ನಮ್ಮ ಹಚ್ಚಿಯೊಳಗ ಗುಡಿಸಲ ಇಲ್ರಿ. ನಮ್ಮವ್ವನೂ ಹಾಕಿಲ್ಲ, ನಾನೂ ಹಾಕಿಲ್ಲ."

"ನಮ್ಮವ್ವನ ಕೈಯಾಗ ಇತ್ತು. ಇದ ಊರಾಗ ಹಾಕಿಸ್ಕೊಂಡಿದ್ಲು," ಎಂದಳು ಆಯಿ. ದನಿ ಸ್ವಲ್ಪ ಏರಿತ್ತು.

ಬರೆದು ನೋಡೋಣವೆಂದು ಹಚ್ಚೆಯ ಮುದುಕಿ ಒಂದು ಕಡ್ಡಿಯನ್ನು ಮಸಿಯಲ್ಲಿ ಅದ್ದಿದಳು. ಆಯಿಯ ಕೈಯನ್ನು ನಾನು ಆಗಲೇ ಸ್ಪಿರಿಟಿನಿಂದ ಒರೆಸಿಟ್ಟಿದ್ದೆ, ಅದರ ಮೇಲೆ ಗೀಚಲು ಬಿಡಲಿಲ್ಲ. ಹಾಗಾಗಿ ಗುಡಿಸಲು ನನ್ನ ಮಣಿಕಟ್ಟಿನ ಮೇಲೆ ಬಂತು. ಹಚ್ಚೆ ಯಾವಾಗಲೂ ಹಾಕಿಸಿಕೊಂಡವರಿಗೆ ನೆಟ್ಟಗೆ ಕಾಣುವಂತೆ ಹಾಕುವುದು ಅವರ ರೂಢಿ. ನನಗೆ ನೆಟ್ಟಗೆ ಕಾಣುವಂತೆ, ಸೂರು ಅಂಗೈಯ ಕಡೆಗೆ, ಕಾಲು ಮೊಣಕೈಯ ಕಡೆಗೆ ಬರೆದಳು. ಎದುರಿಗೆ ಕೂತ ಆಯಿ ಕಣ್ಣು ಕಿರಿದು ಮಾಡಿ ನೋಡಿದಳು.

"ಹಿಂಗ ಇದ್ದಿಲ್ಲ."

"ನೀವ ಹೇಳಿದಂಗ ಬರದೇನ್ರಿ."

ಆಯಿ ನನಗೆ, "ಉಣಸಿದಂಗ ಕೈ ಮಾಡು," ಎಂದಳು. ನಾನು ಬೆರಳು ಕೂಡಿಸಿ, ಇಲ್ಲದ ತುತ್ತನ್ನು ಆಕೆಯ ಬಾಯಿಯ ಹತ್ತಿರ ಒಯ್ದೆ. ಆಯಿಯ ಬಾಯಿ ತಾನಾಗಿಯೇ ತೆರೆಯಿತು. ತೆರೆದದ್ದು ಗೊತ್ತಾದ ಕೂಡಲೇ ಮುಚ್ಚಿಕೊಂಡಳು.

"ತಲಿಕೆಳಗ ಆಗೇತಿ. ತಿರುವಿ ಬರಿ."

ಒರೆಸಿ, ಈಗ ಸೂರು ಮೊಣಕೈಯ ಕಡೆಗೆ, ಕಾಲು ಅಂಗೈಯ ಕಡೆಗೆ ಬರುವಂತೆ ಬರೆದಳು. ಮತ್ತೆ ಇಲ್ಲದ ತುತ್ತನ್ನು ಒಯ್ದೆ. ಆಯಿ ನೋಡಿದಳು. ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನೋಡಿದಳು.

"ಹಾಂ," ಎಂದಳು. "ಇದ. ಇದ ನೋಡು ನಮ್ಮವ್ವನ ಕೈ."

ಹಚ್ಚೆಯ ಮುದುಕಿ ನನ್ನ ಪಕ್ಕದಲ್ಲಿ ಕೂತಿದ್ದಳು, ನನ್ನ ಕಡೆಯಿಂದ ನೋಡುತ್ತಿದ್ದಳು. ಒಮ್ಮೆಲೇ ತೊಡೆ ತಟ್ಟಿಕೊಂಡು ನಕ್ಕಳು.

"ಇದನ್ನ ಎಷ್ಟ ಮಂದಿಗಿ ಹಾಕೇನ್ರಿ! ಇದು ಗುಡಿಸಲ ಅಲ್ಲ, ತೊಟ್ಟಲ. ಅವು ಕಾಲಲ್ಲ, ಹಗ್ಗ. ನೀವ ಎದುರಿಗಿ ಕುಂತ ಉಂಡೀರಿ, ಅದಕ್ಕ ಬೋರಲ ಕಂಡೈತಿ."

ನಾನೂ ಆಗಲೇ ನೋಡಿದ್ದು. ನನ್ನ ಕಡೆಯಿಂದ ಅದು ತೊಟ್ಟಿಲೇ ಆಗಿತ್ತು. ಬಾಗಿದ ತಳ, ಮೇಲಕ್ಕೆ ಹೋದ ಎರಡು ಹಗ್ಗ. ಆಯಿ ನನ್ನ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಒಂದು ಆಯುಷ್ಯ ಪೂರ್ತಿ ಗುಡಿಸಲಾಗಿದ್ದದ್ದು 'ಅಲ್ಲ' ಅನಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

"ಒಳಗಿನ ಚುಕ್ಕಿ?" ಎಂದು ಕೇಳಿದಳು.

"ಹೊಸಾ ಸೊಸಿಗಿ ಖಾಲಿ ತೊಟ್ಟಲ ಹಾಕ್ತೇವ್ರಿ. ಕೂಸ ಹುಟ್ಟಿದ ಮ್ಯಾಲ ಮತ್ತ ಹೋಗಿ ಚುಕ್ಕಿ ಇಟ್ಟ ಬರ್ತೇವಿ. ಎಷ್ಟ ಕೂಸೋ ಅಷ್ಟ ಚುಕ್ಕಿ."

"ನಮ್ಮವ್ವಗ ನಾ ಒಬ್ಬಾಕಿನ."

"ಹಂಗಾದ್ರ ಒಂದ ಇರತೈತಿ."

ಆಯಿ ನನ್ನ ಕೈಯ ಮೇಲಿನ ಚುಕ್ಕಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಅಂದ್ರ ಆ ಹಕ್ಕಿ ಕಾಯಾಂವ ನಾನ ಏನು?" ಎಂದಳು. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ದೀಪದ ಹೊಗೆ ಬಹಳ ಆಯಿತೆಂದಳು. ದೀಪ ಆರಿಸಿ ಆಗಲೇ ಬಹಳ ಹೊತ್ತಾಗಿತ್ತು.

ಈಗ ಹಾಕುವುದು ಹೇಗೆ ಎಂಬ ಮಾತು ಬಂತು. ಎಲ್ಲರಿಗೂ ಹಾಕುವಂತೆ ನಿಮಗೆ ತೊಟ್ಟಿಲು ಕಾಣುವ ಹಾಗೆ ಹಾಕುತ್ತೇನೆ ಎಂದಳು ಹಚ್ಚೆಯ ಮುದುಕಿ. ಆಯಿ ಬೇಡವೆಂದಳು.

"ನಮ್ಮವ್ವ ತನ್ನ ಕೈ ನೋಡ್ಕೊಂಡಾಗ ಅಕಿಗಿ ತೊಟ್ಟಲ ಕಂಡೈತಿ. ನಾಳೆ ನಾ ಎದುರಿಗಿ ನಿಂತಾಗನೂ ಅಕಿಗಿ ತೊಟ್ಟಲನ ಕಾಣಬೇಕು. ನನಗ ಗುಡಿಸಲ ಇರ್ಲಿ. ರೂಢಿ ಆಗೇತಿ."

"ಎಲ್ಲಾರೂ ತಲಿಕೆಳಗ ಹಾಕಿದ್ಲಂತ ನನಗ ಬೈತಾರ್ರಿ."

"ನನ್ನ ಹೆಸರ ಹೇಳು."

ಹೀಗೆ ರೂಢಿಗೆ ತಿರುವುಮುರುವಾಗಿ ಹಾಕಬೇಕೆಂದು ಆಯಿತು. ಮುಪ್ಪಿನ ಚರ್ಮ ಸಡಿಲ, ಸೂಜಿ ಇಟ್ಟಲ್ಲಿ ಜಾರುತ್ತದೆ. ನಾನು ಎರಡೂ ಕಡೆಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದೆ. ನೋವು ಮರೆಸಲೆಂದು ಹಚ್ಚೆಯ ಮುದುಕಿ ಹಾಡು ಎತ್ತಿಕೊಂಡಳು. ಆಯಿ, "ಹಾಡಬ್ಯಾಡ. ಅಳೂದಿದ್ರ ನಾನ ಅಳ್ತೇನಿ," ಎಂದಳು, ಮತ್ತು ಅಳಲಿಲ್ಲ. ಅತ್ತದ್ದು ನಾನು. ವರ್ಷಗಟ್ಟಲೆ ಬೇರೆಯವರಿಗೆ ಸೂಜಿ ಚುಚ್ಚಿ ಏನೂ ಆಗದವಳಿಗೆ ಆವತ್ತು ಮೂಗು ಸೋರಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕೊನೆಗೆ ಚುಕ್ಕಿ ಇಡುವಾಗ ಮಾತ್ರ ಆಯಿ, "ಸಾವಕಾಶ, ಅದು ನಾನ," ಎಂದಳು.

ಹಚ್ಚೆ ಹಾಕಿಸಿಕೊಳ್ಳುವುದು ಸುಲಭ, ಅದನ್ನು ಕಾಯುವುದು ಕಷ್ಟ. ಆಯಿಗೆ ನಾನು ಹೇಳಿದ್ದು: ಆ ಕೈ ನೀರಿಗೆ ಹಾಕಕೂಡದು, ಬಿಸಿಲಿಗೆ ಹಿಡಿಯಕೂಡದು, ಬಳೆ ಅದರ ಮೇಲೆ ಉಜ್ಜಕೂಡದು, ತುರಿಕೆ ಬಂದರೆ ತುರಿಸಕೂಡದು. ಬಳೆಗಳನ್ನು ಮೇಲಕ್ಕೆ ಸರಿಸಿ ಬಟ್ಟೆಯ ಪಟ್ಟಿಯಿಂದ ಕಟ್ಟಿದೆ. ಸ್ನಾನ ಮಾಡುವಾಗ ಆಯಿ ಆ ಕೈಯನ್ನು ಮೇಲೆತ್ತಿ ಹಿಡಿದಿರುತ್ತಿದ್ದಳು, ಸಾಲೆಯಲ್ಲಿ ಉತ್ತರ ಗೊತ್ತಿದ್ದ ಹುಡುಗಿಯ ಹಾಗೆ. ಓಣಿಯವರು ಬಂದು ಬದನೆಕಾಯಿ ತಿನ್ನಬೇಡ, ನಂಜಾಗುತ್ತದೆ ಎಂದರು. ಇನ್ನೊಬ್ಬರು ಅಲಸಂದಿ ಬೇಡ ಎಂದರು. ಆಯಿ ಎಲ್ಲವನ್ನೂ ಪಾಲಿಸಿದಳು. ಪಾತ್ರೆ ತೊಳೆಯಬಾರದು ಎಂದು ಯಾರೂ ಹೇಳಿರಲಿಲ್ಲ, ಅದನ್ನೂ ಪಾಲಿಸಿದಳು.

ಆದರೂ ಒಂದು ದಿನ ನಾನು ಡ್ಯೂಟಿಯಿಂದ ಬಂದು ನೋಡಿದರೆ ಹಚ್ಚೆಯ ಸುತ್ತ ಕೆಂಪಾಗಿ ಬಾತಿತ್ತು. ಮುಟ್ಟಿದರೆ ಬಿಸಿ. ಏನು ಮಾಡಿದೆ ಎಂದರೆ ಏನಿಲ್ಲ ಎಂದಳು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟಿತ್ತು. ಸೊಸೆ ತಟ್ಟುವ ರೊಟ್ಟಿ ದಪ್ಪವಾಗುತ್ತದೆಂದು ತಾನೇ ಹಿಟ್ಟು ನಾದಲು ಕೂತಿದ್ದಳಂತೆ. ವಾರ್ಡಿನಲ್ಲಿ ಕಂಡ ಬೆರಳುಗಳೆಲ್ಲ ಕಣ್ಣಮುಂದೆ ಬಂದವು. ಡಾಕ್ಟರರಿಂದ ಗುಳಿಗೆ ಬರೆಸಿ ತಂದೆ. ಕೆಂಪು ಹರಡುತ್ತದೋ ಇಲ್ಲವೋ ನೋಡಲು ಜೇಬಿನ ಪೆನ್ನು ತೆಗೆದು ಅದರ ಅಂಚಿನ ಸುತ್ತ ಒಂದು ಗೆರೆ ಎಳೆದೆ. ನಾವು ದವಾಖಾನೆಯಲ್ಲಿ ಮಾಡುವುದೂ ಅದನ್ನೇ. ಗೆರೆ ದಾಟಿದರೆ ಕೆಟ್ಟ ಸುದ್ದಿ. ಅಪ್ಪ ಜವಾಬ್ದಾರಿ ಯಾರದೆಂದು ನೆನಪಿಸಲಿಲ್ಲ. ಹೊತ್ತು ಹೊತ್ತಿಗೆ ಬಂದು ತಾಯಿಯ ಕೈ ಎತ್ತಿ ಗೆರೆ ನೋಡಿ ಹೋಗುತ್ತಿದ್ದ. ಕೆಂಪು ಗೆರೆ ದಾಟಲಿಲ್ಲ. ನಿಧಾನಕ್ಕೆ ಒಳಗೆ ಸರಿದು, ಒಂದು ದಿನ ಇಲ್ಲವಾಯಿತು. ಹಕ್ಕಳೆ ಉದುರಿದ ಮೇಲೆ ಕೆಳಗೆ ಹಸಿರು ಬೆರೆತ ನೀಲಿಯ ತೊಟ್ಟಿಲು ಕಂಡಿತು.

ಎದುರಿಗೆ ಕೂತವರು ತೊಟ್ಟಿಲು ಚಂದಾಗಿದೆ ಎಂದರು. ಪಕ್ಕದಲ್ಲಿ ಕೂತವರು ಗುಡಿಸಲು ಚಂದಾಗಿದೆ ಎಂದರು. ಆಯಿ ಇಬ್ಬರಿಗೂ ಹೂಂ ಎಂದಳು.

ಅದಾಗಿ ಕೆಲವು ವರ್ಷಕ್ಕೆ, ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಸೇರಿ ಹೊಳೆಗೆ ಬ್ಯಾರೇಜು ಕಟ್ಟಿದ ಕಾಲದಲ್ಲಿ, ಆಯಿ ಹಾಸಿಗೆ ಹಿಡಿದಳು. ಓಣಿಯ ಗಂಡಸರೆಲ್ಲ ಅದನ್ನು ನೋಡಿ ಬಂದು ಅದೇ ಮಾತಾಡುತ್ತಿದ್ದರು. ಆಯಿಗೆ ಮಾತ್ರ ಅದು ಯಾವುದೂ ಕಿವಿಗೆ ಹೋಗುತ್ತಿರಲಿಲ್ಲ. ಮೊದಲು ಅಪ್ಪನ ಗುರುತು ಹೋಯಿತು, ಆಮೇಲೆ ನನ್ನದು. ಮದುವೆಯಲ್ಲಿ ಇಟ್ಟ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹಳೆಯ ಹೆಸರು ನಮಗಾರಿಗೂ ಗೊತ್ತಿರಲಿಲ್ಲ, ಕೇಳಿಟ್ಟುಕೊಂಡಿರಲೂ ಇಲ್ಲ.

ಊಟ ಬಿಟ್ಟಳು. ನನ್ನವ್ವ ಉಣ್ಣಿಸಲು ಹೋದರೆ ಹಲ್ಲಿಲ್ಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಳ್ಳುವಳು. ಅಪ್ಪ ಹೋದರೂ ಅಷ್ಟೇ. ಒಂದು ಸಂಜೆ ನಾನು ದವಾಖಾನೆಯಿಂದ ಬಂದವಳು ನರ್ಸಿನ ಅಂಗಿ ಕೂಡ ಬದಲಿಸದೆ, ಹಾಲನ್ನ ಕಲಸಿಕೊಂಡು ಎದುರಿಗೆ ಕೂತೆ. ತುತ್ತು ಬಾಯಿಯ ಹತ್ತಿರ ಒಯ್ದೆ. ಆಯಿ ಬಾಯಿ ತೆರೆಯಲಿಲ್ಲ. ಬದಲಿಗೆ ಎರಡೂ ಕೈಗಳಿಂದ ನನ್ನ ಮಣಿಕಟ್ಟನ್ನು ಹಿಡಿದು, ಹತ್ತಿರ ತಂದುಕೊಂಡು, ಬೆಳಕಿಗೆ ತಿರುಗಿಸಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ನನ್ನ ಕೈಯನ್ನು ಬಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿದಳು. ಸಿಟ್ಟಿರಲಿಲ್ಲ. ತಪ್ಪು ಮನೆಗೆ ಬಂದವರಿಗೆ ಇರುವಂಥ ಸಂಕೋಚ ಇತ್ತು. ಅಪರಿಚಿತರ ಕೈಯಲ್ಲಿ ಉಣ್ಣಬಾರದೆಂದು ಯಾರೋ ಆಕೆಗೆ ಕಲಿಸಿದ್ದರು.

ನಾನು ಬಟ್ಟಲು ಕೆಳಗಿಟ್ಟು, ಕೈ ತೊಳೆದು ಒರೆಸಿಕೊಂಡು, ಜೇಬಿನ ಪೆನ್ನು ತೆಗೆದು ಎಡಗೈಯಿಂದ ಬಲ ಮಣಿಕಟ್ಟಿನ ಮೇಲೆ ಬರೆದೆ. ಬಾಗಿದ ಒಂದು ತಳ, ಮೊಣಕೈಯ ಕಡೆಗೆ. ಅದರ ಬಾಯಿಗೆ ಅಡ್ಡ ಗೆರೆ. ಅಂಗೈಯ ಕಡೆಗೆ ಎರಡು ಹಗ್ಗ. ಚುಕ್ಕಿ ಇಡುವಾಗ ಸಾವಕಾಶವಾಗಿ ಇಟ್ಟೆ. ಮತ್ತೆ ಅನ್ನ ಕಲಸಿ ತುತ್ತು ಎತ್ತಿ ಕಾದೆ. ಆಯಿ ಈ ಕಡೆ ತಿರುಗಿದಳು. ನೋಡಿದಳು. ಬಾಯಿ ತೆರೆದಳು.

ಬಟ್ಟಲು ಖಾಲಿಯಾಗುವ ತನಕ ಆಕೆ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಅವಸರದಲ್ಲಿ ನಾನು ಉಪ್ಪು ಹಾಕುವುದನ್ನು ಮರೆತಿದ್ದೆ. ಮೊದಲಾಗಿದ್ದರೆ ಅದಕ್ಕೆ ಬಟ್ಟಲೇ ಹಾರುತ್ತಿತ್ತು. ಆವತ್ತು ಏನೂ ಅನ್ನದೆ ಉಂಡಳು.

ಮರುದಿನ ಮುಂಜಾನೆ ಡ್ಯೂಟಿಗೆ ಹೊರಡುವ ಮುಂಚೆ ಸ್ನಾನ ಮಾಡಿದೆ, ಬಲಗೈಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡು.